ಗಾಡಿಯ ಮೇಲಿನ ಮೋಹ

ವಾಹನದ ಮೇಲೆ ಮನುಷ್ಯನಿಗೆ ಹುಟ್ಟುವ ಅಕ್ಕರೆ ಅದರ ಗುಣಮಟ್ಟಕ್ಕೆ ತಕ್ಕಂತೆ ಇರುವುದಿಲ್ಲ. ಒಂದು ಕಾರು ಲೀಟರಿಗೆ ಎಷ್ಟು ಓಡುತ್ತದೆ, ವರ್ಷಕ್ಕೆ ಎಷ್ಟು ಸಲ ಕೈಕೊಡುತ್ತದೆ, ಅಪಘಾತವಾದರೆ ಒಳಗಿದ್ದವರನ್ನು ಎಷ್ಟರಮಟ್ಟಿಗೆ ಕಾಯುತ್ತದೆ ಎಂಬುದನ್ನೆಲ್ಲ ಅಳೆದು ಪಟ್ಟಿ ಮಾಡಬಹುದು. ಆ ಪಟ್ಟಿಯಲ್ಲಿ ಕೊನೆಯ ಸಾಲಿಗೆ ಬೀಳುವ ಗಾಡಿಯನ್ನೇ ಎಷ್ಟೋ ಮನೆಗಳಲ್ಲಿ ಮಾರದೆ ಉಳಿಸಿಕೊಂಡಿರುತ್ತಾರೆ. ಮಾರಿದ್ದರೆ, ಮಾರಿದ ವರ್ಷವನ್ನು ನೆನೆದು ಪೇಚಾಡುತ್ತಾರೆ. ಈ ಅಕ್ಕರೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಮನೋವಿಜ್ಞಾನವೂ ನರವಿಜ್ಞಾನವೂ ಕಳೆದ ಐದಾರು ದಶಕಗಳಲ್ಲಿ ಬಿಡಿಬಿಡಿಯಾಗಿ ಉತ್ತರ ಕೂಡಿಸಿವೆ. ಆ ಉತ್ತರಗಳನ್ನು ಒಂದೇ ಕಡೆ ಒರೆಗೆ ಹಚ್ಚಿ ನೋಡಲು ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳು ಒಳ್ಳೆಯ ಜಾಗ.

ಜೇವರ್ಗಿಯಿಂದ ಬಳ್ಳಾರಿಯ ಕಡೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದರ ಹಿಂದೆ ಒಂದು ಬರುತ್ತವೆ. ಸಿಂಧನೂರಿಗೆ ರೈಲು ಬಂದದ್ದೇ 2024ರಲ್ಲಿ. ಅಲ್ಲಿಯ ತನಕ ಆಸ್ಪತ್ರೆ, ಕೋರ್ಟು, ಮದುವೆ, ಸಂತೆ ಎಲ್ಲಕ್ಕೂ ರಸ್ತೆಯೇ ಗತಿ. ತುಂಗಭದ್ರಾ ಅಣೆಕಟ್ಟೆಯಲ್ಲಿ 1953ರ ಹೊತ್ತಿಗೆ ನೀರು ನಿಂತು ಎಡದಂಡೆ ಕಾಲುವೆ ಹರಿದ ಮೇಲೆ ಸಿಂಧನೂರಿನ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದ ಕಡೆಯಿಂದ ಬಂದ ರೈತರು ಕಾಲುವೆಗುಂಟ ಕ್ಯಾಂಪುಗಳನ್ನು ಕಟ್ಟಿಕೊಂಡರು. ರೈಸ್ ಮಿಲ್ಲು, ಗೊಬ್ಬರದ ಅಂಗಡಿ, ಅಡತಿ ವ್ಯಾಪಾರ ಬೆಳೆದಂತೆ ವಾಹನಗಳೂ ಬೆಳೆದವು. ಲಿಂಗಸುಗೂರಿನ ಕಡೆ ಹಟ್ಟಿಯ ಚಿನ್ನದ ಗಣಿ, ನಾರಾಯಣಪುರ ಬಲದಂಡೆ ಕಾಲುವೆ, ಇವುಗಳ ನಡುವೆ ಹರಡಿದ ಒಣಬೇಸಾಯ. ಅಲ್ಲಿನ ಗಾಡಿಗಳ ಕೆಲಸವೇ ಬೇರೆ ಬಗೆಯದು. ಏಷ್ಯಾದಲ್ಲೇ ಅತಿ ಹೆಚ್ಚು ಟ್ರಾಕ್ಟರ್ ಇರುವ ತಾಲ್ಲೂಕು ತಮ್ಮದು ಎಂಬುದು ಸಿಂಧನೂರಿನವರ ಮಾತು. ಲೆಕ್ಕ ಏನೇ ಇರಲಿ, ಊರೊಂದು ತನ್ನ ಗುರುತನ್ನು ಕೋಟೆ ಗುಡಿಗಳಿಗಿಂತ ಮೊದಲು ಯಂತ್ರದ ಮೂಲಕ ಹೇಳಿಕೊಳ್ಳುವುದು ಗಮನಿಸತಕ್ಕ ಸಂಗತಿ. ಹೀಗಾಗಿ ಇಲ್ಲಿ ಅಚ್ಚುಮೆಚ್ಚಿನ ಕಾರಿನ ಮಾತು ತೆಗೆದರೆ ಜೀಪು, ಕ್ರೂಸರ್, ಟ್ರಾಕ್ಟರುಗಳನ್ನು ಹೊರಗಿಡಲಾಗದು.

ಈ ಸೀಮೆಯ ಮಣ್ಣೂ ಗಾಡಿಗಳನ್ನು ಆರಿಸಿಕೊಂಡಿದೆ. ಎರೆಮಣ್ಣಿನಲ್ಲಿ ಸ್ಮೆಕ್ಟೈಟ್ ಗುಂಪಿನ ಜೇಡಿ ಹೆಚ್ಚು. ಅದರ ಹರಳುಗಳ ಪದರಗಳ ನಡುವೆ ನೀರು ನುಗ್ಗಿದರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗಿ ಕಾಲು ಹೋಗುವಷ್ಟು ಬಿರಿಯುತ್ತದೆ. ಮಳೆ ಬಿದ್ದ ದಿನ ಈ ಮಣ್ಣು ಗಾಲಿಗೆ ಮೆತ್ತಿ ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ತುಂಬಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ನೆಲಕ್ಕೆ ತಗ್ಗಿದ ಕಾರು ಕ್ಯಾಂಪಿನ ದಾರಿಯಲ್ಲಿ ನಿಂತೇಬಿಡುವಾಗ ಜೀಪು ನಾಲ್ಕೂ ಗಾಲಿಗೆ ಗೇರು ಹಾಕಿಕೊಂಡು ದಾಟುತ್ತಿತ್ತು. ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರುಮಾಡಿತ್ತು. ಆ ಮನೆತನದ ಕಮಾಂಡರ್, ಆಮೇಲೆ 2000ದಲ್ಲಿ ಬಂದ ಬೊಲೆರೊ ಈ ಭಾಗದ ರಸ್ತೆಗಳಿಗೆ ಹೊಂದಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಪೇಟೆಯ ಒಳಗೆ ಮಾತ್ರ ಬಹುಕಾಲ ಅಂಬಾಸಿಡರಿನದೇ ದರ್ಬಾರು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ 1950ರ ದಶಕದ ಕೊನೆಗೆ ತಯಾರಾದ ಈ ಕಾರು ಹೊರಮೈಯಲ್ಲಿ ಹೆಚ್ಚು ಬದಲಾಗದೆ 2014ರವರೆಗೆ ಬಂತು. ಮಧ್ಯಮವರ್ಗದ ಮನೆಗಳಿಗೆ ಮೊದಲ ಕಾರಾಗಿ ಬಂದದ್ದು ಮಾರುತಿ 800. ಅದರ ಮೊದಲ ಬೀಗದ ಕೈ ಗಿರಾಕಿಯ ಕೈಸೇರಿದ್ದು 1983ರ ಡಿಸೆಂಬರ್ 14ರಂದು, ಕೊನೆಯ ಕಾರು ಕಾರ್ಖಾನೆ ಬಿಟ್ಟದ್ದು 2014ರ ಜನವರಿಯಲ್ಲಿ.

ಮುಖ ಕಾಣುವ ಕಣ್ಣು

ಕಾರಿನ ಎದುರು ನಿಂತವನಿಗೆ ಎರಡು ದೀಪ, ನಡುವೆ ಜಾಲರಿ, ಕೆಳಗೆ ಬಂಪರ್ ಕಾಣುತ್ತವೆ. ಮಿದುಳಿಗೆ ಕಾಣುವುದು ಮುಖ. ಮಿದುಳಿನ ಕೆಳಭಾಗದಲ್ಲಿ, ಕಿವಿಯ ಹಿಂದಿನ ಮಟ್ಟದಲ್ಲಿ ಫ್ಯೂಸಿಫಾರ್ಮ್ ಎಂಬ ಮಡಿಕೆಯಿದೆ. ಅದರ ಒಂದು ತುಣುಕು ಮುಖಗಳನ್ನು ಕಂಡಾಗ ವಿಶೇಷವಾಗಿ ಚುರುಕಾಗುತ್ತದೆ ಎಂದು ನ್ಯಾನ್ಸಿ ಕ್ಯಾನ್‌ವಿಷರ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕೂಸು ಮುಖದಂಥ ಆಕೃತಿಯ ಕಡೆ ಕಣ್ಣು ಹೊರಳಿಸುತ್ತದೆ. ಇಷ್ಟು ಸನ್ನದ್ಧವಾದ ಕಣ್ಣಿಗೆ ಮೋಡದಲ್ಲೂ ಗೋಡೆಯ ಕಲೆಯಲ್ಲೂ ಮುಖ ಮೂಡುವುದು ಸಹಜ.

ವಿಯೆನ್ನಾ ವಿಶ್ವವಿದ್ಯಾಲಯದ ಸೋಂಜಾ ವಿಂಡ್‌ಹಾಗರ್ ಮತ್ತು ಸಹೋದ್ಯೋಗಿಗಳು 2008ರಲ್ಲಿ ಕಾರುಗಳ ಮುಂಭಾಗವನ್ನು ಜನರಿಗೆ ತೋರಿಸಿ, ಇದು ಎಳೆಯದೋ ಪ್ರಾಯದ್ದೋ, ಸೌಮ್ಯವೋ ಸಿಡುಕೋ ಎಂದು ಅಂಕ ಹಾಕಿಸಿದರು. ಗಾಜು ದೊಡ್ಡದಿದ್ದು ದೀಪಗಳು ಅಗಲವಾಗಿ ತೆರೆದುಕೊಂಡ ಕಾರುಗಳು ಎಳೆತನದ, ಸ್ನೇಹದ ಅಂಕ ಪಡೆದವು. ಕಾರು ಅಗಲವಾಗಿ ನೆಲಕ್ಕೊತ್ತಿದಂತಿದ್ದು ದೀಪಗಳು ಕಿರಿದಾಗಿ ಓರೆಗೊಂಡಿದ್ದರೆ ಅದು ದರ್ಪದ ಗಂಡಾಳು. ಕಾರಿನ ಜಾಹೀರಾತು ನೋಡಿ ಬೆಳೆದವರಷ್ಟೇ ಹೀಗೆ ಹೇಳುತ್ತಾರೇನೋ ಎಂಬ ಅನುಮಾನಕ್ಕೆ ಅದೇ ತಂಡ 2012ರಲ್ಲಿ ಇಥಿಯೋಪಿಯಾದ ಹಳ್ಳಿಗರಿಂದ ಉತ್ತರ ಪಡೆಯಿತು. ಕಾರಿನ ಸಹವಾಸ ಕಡಿಮೆಯಿದ್ದ ಅವರ ಅಂಕಗಳೂ ಆಸ್ಟ್ರಿಯಾದವರ ಅಂಕಗಳಿಗೆ ಬಹುಮಟ್ಟಿಗೆ ಹೊಂದಿದವು.

ದುಂಡು ದೀಪದ ಅಂಬಾಸಿಡರು, ಕಮಾಂಡರ್ ಜೀಪು ಇವೆಲ್ಲ ಈ ಲೆಕ್ಕದಲ್ಲಿ ಒಳ್ಳೆಯ ಮುಖದವು. ಆದರೆ ಮುಖದ ಕಥೆ ಇಲ್ಲಿಗೆ ಮುಗಿದರೆ ಒಂದೇ ಮಾದರಿಯ ಸಾವಿರ ಕಾರುಗಳಲ್ಲಿ ತನ್ನದನ್ನೇ ಒಬ್ಬ ಏಕೆ ಹಚ್ಚಿಕೊಳ್ಳುತ್ತಾನೆ ಎಂಬುದು ತಿಳಿಯುವುದಿಲ್ಲ. ಇಲ್ಲಿ 2000ದ ಇನ್ನೊಂದು ಪ್ರಯೋಗ ನೆರವಿಗೆ ಬರುತ್ತದೆ. ಇಸಬೆಲ್ ಗೋತಿಯೆ ಮತ್ತು ಸಂಗಡಿಗರು ಕಾರುಗಳನ್ನು ಅರೆದು ಕುಡಿದವರ ಮಿದುಳನ್ನೂ ಹಕ್ಕಿಗಳನ್ನು ಬಲ್ಲವರ ಮಿದುಳನ್ನೂ ಸ್ಕ್ಯಾನ್ ಮಾಡಿದರು. ಹಕ್ಕಿ ಬಲ್ಲವರಿಗೆ ಹಕ್ಕಿ ಕಂಡಾಗ, ಕಾರು ಬಲ್ಲವರಿಗೆ ಕಾರು ಕಂಡಾಗ ಮುಖಕ್ಕೆ ಮೀಸಲು ಎಂದುಕೊಂಡಿದ್ದ ಅದೇ ಮಡಿಕೆ ಹೆಚ್ಚು ಚುರುಕಾಯಿತು. ಸಿಂಧನೂರಿನ ಗ್ಯಾರೇಜಿನ ಹುಡುಗ ಹೆದ್ದಾರಿಯಲ್ಲಿ ಧೂಳೆಬ್ಬಿಸಿ ಹೋದ ಬೊಲೆರೊದ ಮಾದರಿ, ವರ್ಷ, ಯಾರ ಮನೆಯದು ಎಂಬುದನ್ನು ಒಂದೇ ನೋಟಕ್ಕೆ ಹೇಳುವಾಗ ಪರಿಚಯದ ಮುಖ ಹಿಡಿಯುವ ಉಪಕರಣವನ್ನೇ ಬಹುಶಃ ಬಳಸುತ್ತಿರುತ್ತಾನೆ.

ಮೈಯ ಅಂಚು ಎಲ್ಲಿ

ಮನುಷ್ಯನ ಮಿದುಳಿನಲ್ಲಿ ಅವನ ಮೈಯ ನಕಾಶೆಯೊಂದಿದೆ, ಅದರ ಅಂಚು ಚರ್ಮಕ್ಕೇ ನಿಲ್ಲುವುದಿಲ್ಲ. ಇಂಗ್ಲೆಂಡಿನ ನರವೈದ್ಯರಾದ ಹೆನ್ರಿ ಹೆಡ್ ಮತ್ತು ಗಾರ್ಡನ್ ಹೋಮ್ಸ್ 1911ರಲ್ಲೇ ಇದನ್ನು ಗುರುತಿಸಿದ್ದರು. ಟೋಪಿಗೆ ಉದ್ದನೆಯ ಗರಿ ಸಿಕ್ಕಿಸಿಕೊಂಡ ಹೆಂಗಸು ಬಾಗಿಲು ದಾಟುವಾಗ ಆ ಗರಿಯನ್ನೂ ಮೈಯ ಲೆಕ್ಕಕ್ಕೆ ಹಿಡಿಯುತ್ತಾಳೆ ಎಂಬುದು ಅವರ ಉದಾಹರಣೆ. ಜಪಾನಿನ ಅತ್ಸುಶಿ ಇರಿಕಿ ಮತ್ತು ಸಂಗಡಿಗರು 1996ರಲ್ಲಿ ಕೋತಿಗಳಿಗೆ ಕುಂಟೆಯಂಥ ಸಲಕರಣೆಯಿಂದ ತಿನಿಸು ಎಳೆದುಕೊಳ್ಳಲು ಕಲಿಸಿದರು. ಮೊದಲು ಕೈಯ ಹತ್ತಿರದ ವಸ್ತುವಿಗೆ ಮಾತ್ರ ಮಿಡಿಯುತ್ತಿದ್ದ ಕೆಲವು ನರಕೋಶಗಳು, ಸಲಕರಣೆ ಬಳಸಿದ ಮೇಲೆ ಅದರ ತುದಿಯ ತನಕದ ಜಾಗಕ್ಕೂ ಮಿಡಿಯತೊಡಗಿದವು.

ಗಾಡಿ ಓಡಿಸುವವನಿಗೆ ಆಗುವುದೂ ಇಂಥದೇ ಒಂದು ಹಿಗ್ಗುವಿಕೆ ಎಂದು ತಿಳಿಯಲು ಅಡ್ಡಿಯಿಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಟ್ರಾಲಿ ಜೋಡಿಸಿದ ಟ್ರಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ಪಂದ್ಯ ನಡೆಯುತ್ತದೆ. ಇದರ ಕಷ್ಟ ಬರಿಯ ಕುತ್ತಿಗೆ ನೋವಿನದಲ್ಲ. ಕೊಂಡಿಯ ಹಿಂದಿರುವ ಟ್ರಾಲಿ ಹಿಂದಕ್ಕೆ ಚಲಿಸುವಾಗ ಸ್ಟೇರಿಂಗಿಗೆ ಎದುರಾಗಿ ತಿರುಗುತ್ತದೆ. ಒಂದು ಸಣ್ಣ ಓರೆ ಬಿದ್ದರೂ ಅದು ತಾನಾಗಿ ಸರಿಹೋಗದೆ ಕ್ಷಣಕ್ಷಣಕ್ಕೂ ದೊಡ್ಡದಾಗುತ್ತ ಟ್ರಾಲಿ ಮಡಚಿಕೊಳ್ಳುತ್ತದೆ. ಮುಮ್ಮುಖವಾಗಿ ಎಳೆದಾಗ ಸಹಜವಾಗಿ ನೆಟ್ಟಗಾಗುವ ಅದೇ ಜೋಡಿ ಹಿಮ್ಮುಖದಲ್ಲಿ ಅಸ್ಥಿರ. ಪಳಗಿದ ಡ್ರೈವರು ಓರೆಯನ್ನು ಕಣ್ಣಿನಿಂದ ನೋಡಿ ಲೆಕ್ಕ ಹಾಕುವುದಿಲ್ಲ. ಓರೆ ಹುಟ್ಟುವ ಮೊದಲೇ ಅಂಗೈ ಎದುರುತಿರುವು ಕೊಟ್ಟಿರುತ್ತದೆ. ಕಲಿಕೆಯ ಆರಂಭದಲ್ಲಿ ಗಮನ ಬೇಡುವ ಇಂಥ ಕೆಲಸ ಅಭ್ಯಾಸವಾದಂತೆ ಕಿರುಮೆದುಳು ಮತ್ತು ಮಿದುಳಿನ ಆಳದ ಗಂಟುಗಳಿಗೆ ಸರಿದುಹೋಗುತ್ತದೆ.

ಈ ಕಲಿಕೆ ಒಂದು ಗಾಡಿಗೆ ಕಲಿತದ್ದು, ಎಲ್ಲ ಗಾಡಿಗೂ ಅಲ್ಲ ಎಂಬುದೇ ಮುಖ್ಯ. ಹಳೆಯ ಜೀಪಿನ ಕ್ಲಚ್ ಪ್ಲೇಟು ಸವೆದಂತೆ ಹಿಡಿತ ಸಿಗುವ ಜಾಗ ಪೆಡಲಿನ ಹಾದಿಯಲ್ಲಿ ಸರಿಯುತ್ತ ಹೋಗುತ್ತದೆ. ಸ್ಟೇರಿಂಗಿನ ಆಟ ಹೆಚ್ಚುತ್ತದೆ. ಎರಡನೇ ಗೇರಿಗೆ ಹಾಕುವಾಗ ಕ್ಷಣ ತಡೆಯಬೇಕಾಗುತ್ತದೆ. ಮಾಲಕನ ಕಾಲು, ಕೈ ಈ ಸವೆತದ ಜೊತೆಜೊತೆಗೇ ಬದಲಾಗುತ್ತ ಬಂದಿರುತ್ತವೆ. ಬೇರೆಯವನು ಕುಳಿತರೆ ಗಾಡಿ ಜಗ್ಗಿ ಬಂದ್ ಬೀಳುತ್ತದೆ, ಮಾಲಕ ಕುಳಿತರೆ ಸುಮ್ಮನೆ ಹೊರಡುತ್ತದೆ. ‘ಅದಕ್ಕ ನಮ್ಮ ಕೈನ ಬೇಕು’ ಎಂಬ ಮಾತಿನಲ್ಲಿ ಜಂಬ ಇರಬಹುದು, ಸುಳ್ಳಿಲ್ಲ.

ಸದ್ದು, ವಾಸನೆ

ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಪ್ರತಿ ಸಿಲಿಂಡರು ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ. ಮೂರು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 1500 ಸುತ್ತು ಹಾಕುತ್ತಿದ್ದರೆ ಸೆಕೆಂಡಿಗೆ 37.5 ಸಿಡಿತ, ನಾಲ್ಕು ಸಿಲಿಂಡರಿನದಾದರೆ 50. ಕಿವಿಗೆ ಇದು ಬಿಡಿ ಸದ್ದುಗಳಾಗಿ ಕೇಳದೆ ತಗ್ಗಿದ ಒಂದು ಸ್ವರವಾಗಿ ಕೇಳುತ್ತದೆ. ಅದರ ಮೇಲೆ ಸೈಲೆನ್ಸರಿನ ತೂತು, ಸಡಿಲ ಬಾನೆಟ್ಟು, ಸವೆದ ಫ್ಯಾನ್ ಬೆಲ್ಟು ತಮ್ಮತಮ್ಮ ದನಿ ಕೂಡಿಸುತ್ತವೆ. ಹೊಸ ಗಾಡಿಗಳು ಒಂದೇ ದನಿಯಲ್ಲಿ ಹೊರಬರುತ್ತವೆ, ಹಳೆಯದಾದಂತೆ ಪ್ರತಿಯೊಂದಕ್ಕೂ ತನ್ನದೇ ಕಂಠ ಬರುತ್ತದೆ. ಸಂಜೆ ಹೊಲದಿಂದ ಮರಳುತ್ತಿರುವುದು ತಮ್ಮ ಟ್ರಾಕ್ಟರೋ ಪಕ್ಕದ ಮನೆಯದೋ ಎಂದು ಕ್ಯಾಂಪಿನ ಹೆಂಗಸರು ಮಕ್ಕಳು ಒಲೆಯ ಮುಂದೆ ಕುಳಿತೇ ಹೇಳುವುದು ಇದರಿಂದ. ಪದೇಪದೇ ಎದುರಾದದ್ದು ತಾನಾಗಿ ಹಿತವೆನಿಸುತ್ತದೆ ಎಂದು ರಾಬರ್ಟ್ ಝಾಯೋಂಕ್ 1968ರಲ್ಲಿ ಪ್ರಯೋಗಗಳಿಂದ ತೋರಿಸಿದ್ದರು. ಅರ್ಥವೇ ಗೊತ್ತಿಲ್ಲದ ಪದಗಳೂ ಚಿಹ್ನೆಗಳೂ ಹೆಚ್ಚು ಸಲ ಕಂಡಷ್ಟು ಜನರಿಗೆ ಹೆಚ್ಚು ಒಳ್ಳೆಯವಾಗಿ ತೋರಿದ್ದವು. ಸಹಿಸಲಾಗದ ಸದ್ದೂ ಇಪ್ಪತ್ತು ವರ್ಷ ಕೇಳಿದರೆ ಮನೆಯದಾಗುತ್ತದೆ.

ವಾಸನೆಯ ದಾರಿ ಇನ್ನೂ ಹತ್ತಿರದ್ದು. ಕಣ್ಣು, ಕಿವಿಗಳ ಸಂಕೇತಗಳು ಥಲಾಮಸ್ ಎಂಬ ನಡುನಿಲ್ದಾಣದಲ್ಲಿ ಇಳಿದು ಮುಂದೆ ಹೋಗುತ್ತವೆ. ಮೂಗಿನ ಸಂಕೇತ ಆ ನಿಲ್ದಾಣ ಮುಟ್ಟದೆ ಭಾವನೆಯ ಅಮಿಗ್ಡಲಾಕ್ಕೂ ನೆನಪಿನ ಹಿಪೊಕ್ಯಾಂಪಸ್ಸಿನ ನೆರೆಗೂ ನೇರವಾಗಿ ತಲುಪುತ್ತದೆ. ಹೊಸ ಕಾರಿನ ವಾಸನೆ ಎಂದು ಜನ ಮೂಗರಳಿಸಿ ಹೀರುವುದು ಪ್ಲಾಸ್ಟಿಕ್ಕು, ಅಂಟು, ಸೀಟಿನ ಫೋಮಿನಿಂದ ಆವಿಯಾಗುವ ರಾಸಾಯನಿಕಗಳನ್ನು. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ ಇವು ಬೇಗ ಬಿಡುಗಡೆಯಾಗುತ್ತವೆ, ಆರೋಗ್ಯಕ್ಕೆ ಒಳ್ಳೆಯವೇನಲ್ಲ. ಹಳೆಯ ಗಾಡಿಯದು ಬೇರೆಯೇ ಮಿಶ್ರಣ. ಕಾದ ರೆಕ್ಸಿನ್ನು, ಡೀಸೆಲ್ಲು, ಭತ್ತದ ಧೂಳು, ಒಣಗಿದ ಸೇವಂತಿಗೆ ಮಾಲೆ, ಡ್ಯಾಶ್‌ಬೋರ್ಡಿನ ದೇವರ ಮುಂದೆ ಉರಿದ ಊದಿನಕಡ್ಡಿ.

ಕೈಕೊಟ್ಟ ಗಾಡಿ, ಕೈಹಿಡಿದ ಗಾಡಿ

ಮುಖ, ಮೈ, ಸದ್ದು ಇವೆಲ್ಲ ನಂಟಿಗೆ ನೆಲ ಹದ ಮಾಡುತ್ತವೆ. ನಂಟು ಬೇರು ಬಿಡುವುದು ರಿಪೇರಿಯಲ್ಲಿ.

ಹಳೆಯ ಡೀಸೆಲ್ ಗಾಡಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ರೋಗವೆಂದರೆ ಏರ್ ಹಿಡಿಯುವುದು. ಟ್ಯಾಂಕು ಪೂರ್ತಿ ಬರಿದಾದರೆ, ಇಲ್ಲವೇ ಪೈಪಿನ ವಾಷರು ಹೋಗಿದ್ದರೆ ಡೀಸೆಲ್ ಹೋಗುವ ದಾರಿಯಲ್ಲಿ ಗಾಳಿ ಸೇರುತ್ತದೆ. ಇಂಜೆಕ್ಟರು ಬಾಯಿ ಬಿಡಬೇಕಾದರೆ ಪಂಪು ವಾತಾವರಣದ ಒತ್ತಡಕ್ಕಿಂತ ನೂರಾರು ಪಟ್ಟು ಒತ್ತಡ ಕೊಡಬೇಕು. ದ್ರವವನ್ನು ಕುಗ್ಗಿಸಲು ಬರುವುದಿಲ್ಲವಾದ್ದರಿಂದ ಪಂಪಿನ ತಳ್ಳು ನೇರವಾಗಿ ಇಂಜೆಕ್ಟರಿಗೆ ಮುಟ್ಟುತ್ತದೆ. ನಡುವೆ ಗಾಳಿಯ ಗುಳ್ಳೆ ಇದ್ದರೆ ತಳ್ಳೆಲ್ಲ ಗುಳ್ಳೆ ಕುಗ್ಗಿಸುವುದರಲ್ಲೇ ಮುಗಿಯುತ್ತದೆ. ಇಂಜಿನ್ ತಿರುಗುತ್ತದೆ, ಹತ್ತುವುದಿಲ್ಲ. ಮದ್ದು ಸರಳ. ಡೀಸೆಲ್ ತುಂಬಿಸಿ, ಫಿಲ್ಟರಿನ ತಲೆಯ ಮೇಲಿನ ಸಣ್ಣ ಬೋಲ್ಟನ್ನು ಪಾನಾ ಹಾಕಿ ಒಂದೆರಡು ಸುತ್ತು ಸಡಿಲಿಸಬೇಕು. ಕೈಪಂಪನ್ನು ಒತ್ತುತ್ತ ಹೋದರೆ ಮೊದಲು ಬುಸ್ ಎಂಬ ಗಾಳಿ, ಆಮೇಲೆ ನೊರೆನೊರೆಯಾದ ಡೀಸೆಲ್, ಕೊನೆಗೆ ಗುಳ್ಳೆಯಿಲ್ಲದ ಧಾರೆ ಬರುತ್ತದೆ. ಧಾರೆ ಬರುತ್ತಿರುವಾಗಲೇ ಬೋಲ್ಟು ಬಿಗಿಯಬೇಕು. ಅಷ್ಟಕ್ಕೂ ಬಗ್ಗದಿದ್ದರೆ ಇಂಜೆಕ್ಟರಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಇನ್ನೊಬ್ಬರಿಂದ ಸ್ಟಾರ್ಟರ್ ಹೊಡೆಸಿ ಅಲ್ಲಿಯೂ ಗಾಳಿ ತೆಗೆಯಬೇಕು. ಒಂದು ಸಿಲಿಂಡರು ಹಿಡಿದುಕೊಳ್ಳುತ್ತದೆ, ಇಂಜಿನ್ ಕುಂಟುತ್ತದೆ, ಮತ್ತೊಂದು ಹಿಡಿದುಕೊಳ್ಳುತ್ತದೆ, ಕಪ್ಪು ಹೊಗೆ ಕಾರಿ ಸಮಸ್ಥಿತಿಗೆ ಬರುತ್ತದೆ. ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ, ರಾತ್ರಿ, ಟಾರ್ಚಿನ ಬೆಳಕಿನಲ್ಲಿ ಈ ಕೆಲಸ ಮಾಡಿದವನ ಮಿದುಳಿನಲ್ಲಿ ಅಂದು ಏನೇನು ಕೂಡಿಕೊಂಡಿತು ಎಂಬುದನ್ನು ಬಿಡಿಸಿ ನೋಡಬಹುದು.

ಒಂದು, ಪಟ್ಟ ಶ್ರಮ. ಮೈಕೆಲ್ ನಾರ್ಟನ್, ಡೇನಿಯಲ್ ಮೋಚನ್, ಡ್ಯಾನ್ ಏರಿಯಲಿ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಂದ ಪೆಟ್ಟಿಗೆ ಜೋಡಿಸುವ, ಕಾಗದದ ಕೊಕ್ಕರೆ ಮಡಿಸುವ ಕೆಲಸ ಮಾಡಿಸಿದರು. ತಾವು ಮಾಡಿದ ಸೊಟ್ಟ ಕೊಕ್ಕರೆಗೆ ಅವರು ಕುಶಲಿಗರು ಮಾಡಿದ ಕೊಕ್ಕರೆಯ ಹತ್ತಿರಹತ್ತಿರದ ಬೆಲೆ ಕಟ್ಟಿದರು. ಆದರೆ ಕೆಲಸ ಅರ್ಧಕ್ಕೆ ನಿಂತಾಗ, ಕಟ್ಟಿದ್ದನ್ನು ಬಿಚ್ಚಿಹಾಕಿದಾಗ ಈ ಪ್ರೀತಿ ಹುಟ್ಟಲಿಲ್ಲ. ಗಾಡಿಯ ವಿಷಯದಲ್ಲಿ ಈ ಷರತ್ತು ಬಹಳ ದೊಡ್ಡದು. ಕೈಕೊಟ್ಟದ್ದಷ್ಟೇ ಸಾಲದು, ಕೈಯಿಂದ ಸರಿಹೋಗಲೂ ಬೇಕು. ಕೆಟ್ಟು, ಏನಾಗಿದೆ ಎಂದು ತಿಳಿಯದೆ ಟೋಯಿಂಗ್ ಗಾಡಿಯ ಮೇಲೆ ಹೋದ ಕಾರಿನ ಬಗ್ಗೆ ಯಾರಿಗೂ ಮಮತೆ ಉಕ್ಕಿದ್ದು ಕಾಣೆವು.

ಎರಡು, ಗಾಡಿಗೆ ಜೀವ ಬರುವುದು. ‘ಇವತ್ತ ಹಟ ಹಿಡದೈತಿ’, ‘ಸಿಟ್ಟು ಬಂದೈತಿ ಅದಕ್ಕ’ ಎಂಬ ಮಾತು ಗ್ಯಾರೇಜುಗಳಲ್ಲಿ ದಿನಬೆಳಗಾದರೆ ಕೇಳುತ್ತದೆ. ವಸ್ತುಗಳಿಗೆ ಮನಸ್ಸು ಹೊಂದಿಸುವ ಈ ರೂಢಿಯನ್ನು ನಿಕೋಲಸ್ ಎಪ್ಲಿ, ಆಡಮ್ ವೇಟ್ಜ್, ಜಾನ್ ಕಾಸಿಯೊಪ್ಪೊ 2007ರಲ್ಲಿ ಮೂರು ಕಾರಣಗಳಿಂದ ವಿವರಿಸಿದರು. ಮನುಷ್ಯನಿಗೆ ಚೆನ್ನಾಗಿ ಗೊತ್ತಿರುವ ಮಾದರಿಯೆಂದರೆ ಮನುಷ್ಯನೇ. ಮುಂದೇನಾಗುವುದೆಂದು ಊಹಿಸುವ ಅಗತ್ಯ ಅವನಿಗೆ ಇದೆ. ಸಂಗಾತಿಯ ಹಸಿವೂ ಇದೆ. ಎರಡನೆಯ ಕಾರಣ ಇಲ್ಲಿ ಹೆಚ್ಚು ಬೆಳಕು ಕೊಡುತ್ತದೆ. ವೇಟ್ಜ್ ಮತ್ತು ಸಂಗಡಿಗರು 2010ರಲ್ಲಿ ಕಂಪ್ಯೂಟರ್ ಬಳಸುವವರನ್ನು ಕೇಳಿದಾಗ, ಯಂತ್ರ ಹೆಚ್ಚು ತೊಂದರೆ ಕೊಟ್ಟಷ್ಟೂ ಅದಕ್ಕೊಂದು ಮನಸ್ಸಿದೆ ಎಂದು ಅನ್ನಿಸುವುದು ಹೆಚ್ಚಾಗಿತ್ತು. ಸದಾ ಹೇಳಿದಂತೆ ಕೇಳುವ ಯಂತ್ರ ಯಂತ್ರವಾಗಿಯೇ ಉಳಿಯುತ್ತದೆ. ಅದೇ ವರ್ಷ ಜೆಸ್ಸಿ ಚಾಂಡ್ಲರ್ ಮತ್ತು ನಾರ್ಬರ್ಟ್ ಶ್ವಾರ್ಜ್ ಕಾರಿನ ಬಗ್ಗೆಯೇ ಪ್ರಯೋಗ ನಡೆಸಿದರು. ತಮ್ಮ ಕಾರನ್ನು ಮನುಷ್ಯ ಸ್ವಭಾವದ ಮಾತುಗಳಲ್ಲಿ ವರ್ಣಿಸುವಂತೆ ಮಾಡಿದಾಗ ಜನರಿಗೆ ಅದನ್ನು ಬದಲಿಸುವ ಮನಸ್ಸು ಕಡಿಮೆಯಾಯಿತು. ಬದಲಿಸಬೇಕೋ ಬೇಡವೋ ಎನ್ನುವಾಗ ಕಾರಿನ ಗುಣಮಟ್ಟಕ್ಕೆ ಕೊಡುವ ತೂಕವೂ ಇಳಿಯಿತು. ಹಳೆಯ ಸಂಗಾತಿ ಸೋತನೆಂದು ಹೊಸಬನನ್ನು ತರುವ ಮಾತನ್ನು ಯಾರೂ ಎತ್ತುವುದಿಲ್ಲ.

ಈ ಸೀಮೆಗೆ ಇದರಲ್ಲಿ ಮತ್ತೊಂದು ಎಳೆ ಇದೆ. ಟ್ರಾಕ್ಟರಿನ ಜಾಗದಲ್ಲಿ ಮೊದಲಿದ್ದದ್ದು ಎತ್ತು. ಎತ್ತಿಗೆ ಹೆಸರಿತ್ತು, ಹಟವಿತ್ತು, ಒಡೆಯನ ದನಿಯ ಗುರುತಿತ್ತು. ಕಾರಹುಣ್ಣಿಮೆಗೆ ಮೈ ತೊಳೆದು ಕೋಡಿಗೆ ಬಣ್ಣ ಬಳಿಯುತ್ತಿದ್ದ ಮನೆಗಳಲ್ಲಿ ಟ್ರಾಕ್ಟರು ಬಂದಾಗ ಅದನ್ನು ನಡೆಸಿಕೊಳ್ಳುವ ಹೊಸ ರೀತಿಯನ್ನು ಯಾರೂ ಹುಡುಕಬೇಕಾಗಿರಲಿಲ್ಲ. ಬಾನೆಟ್ಟಿನ ಮೇಲೆ ದೇವರ ಹೆಸರು, ಟ್ರಾಲಿಯ ಹಿಂದೆ ತಂದೆತಾಯಿಯ ಆಶೀರ್ವಾದ, ಮಕ್ಕಳ ಹೆಸರು, ಬಂಪರಿಗೆ ದೃಷ್ಟಿಯ ಕರಿದಾರ ಇವೆಲ್ಲ ಕೊಟ್ಟಿಗೆಯಿಂದ ಶೆಡ್ಡಿಗೆ ದಾಟಿಬಂದ ನಡವಳಿಕೆಗಳು. ಹೊಸ ಗಾಡಿಯನ್ನು ಅಂಬಾಮಠಕ್ಕೋ ಮಸ್ಕಿಯ ಮಲ್ಲಿಕಾರ್ಜುನನ ಗುಡ್ಡಕ್ಕೋ ಗುರುಗುಂಟಾ ಅಮರೇಶ್ವರಕ್ಕೋ ಒಯ್ದು ಪೂಜೆ ಮಾಡಿಸಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸಿದ ಮೇಲೆ ಅದು ಶೋರೂಮಿನ ಸರಕಾಗಿ ಉಳಿಯುವುದಿಲ್ಲ. ಆಯುಧಪೂಜೆಯ ದಿನ ವರ್ಷಕ್ಕೊಮ್ಮೆ ಗಾಡಿಯ ಇಂಚಿಂಚನ್ನೂ ಕೈಯಿಂದ ಒರೆಸುವುದಿದೆಯಲ್ಲ, ಆ ಸ್ಪರ್ಶವೂ ಮೇಲೆ ಹೇಳಿದ ಶ್ರಮದ ಲೆಕ್ಕಕ್ಕೇ ಸೇರುತ್ತದೆ.

ಬೆಲೆ ಮತ್ತು ನೆನಪು

ಗಾಡಿ ಮಾರುವ ದಿನ ಈ ನಂಟು ರೂಪಾಯಿಯ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಡೇನಿಯಲ್ ಕಾನಮನ್, ಜ್ಯಾಕ್ ನೆಟ್ಶ್, ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಹೆಸರುವಾಸಿ ಪ್ರಯೋಗದಲ್ಲಿ ಅರ್ಧ ಜನರಿಗೆ ಒಂದೊಂದು ಕಾಫಿ ಮಗ್ಗು ಕೊಟ್ಟರು. ಕೆಲವೇ ನಿಮಿಷದ ಒಡೆತನದಲ್ಲಿ ಮಗ್ಗು ಹೊಂದಿದವರು ಕೇಳಿದ ಬೆಲೆ, ಇಲ್ಲದವರು ಕೊಡಲು ಸಿದ್ಧರಿದ್ದ ಬೆಲೆಯ ಸುಮಾರು ಎರಡು ಪಟ್ಟಾಯಿತು. ಕಳೆದುಕೊಳ್ಳುವ ನೋವು ಪಡೆಯುವ ಸಂತೋಷಕ್ಕಿಂತ ದೊಡ್ಡದು ಎಂಬುದು ಅವರ ವಿವರಣೆ. ನಿಮಿಷಗಳ ಒಡೆತನಕ್ಕೇ ಹೀಗಾದರೆ ಹದಿನೈದು ವರ್ಷದ ಒಡೆತನದ ಮಾತೇನು? ಸಿಂಧನೂರಿನ ಯಾವುದೇ ಆಟೋ ಕನ್ಸಲ್ಟಿಂಗ್ ಅಂಗಡಿಯಲ್ಲಿ ಕುಳಿತರೆ ಈ ಅಂತರ ಕಾಣಸಿಗುತ್ತದೆ. ಮಾಲಕ ಇಂಜಿನ್ನಿನ ಆರೋಗ್ಯವನ್ನು ಬಣ್ಣಿಸುತ್ತಾನೆ; ಕೊಳ್ಳುವವನು ಬಾಗಿಲಿನ ಕೆಳಗಿನ ತುಕ್ಕನ್ನು ಕೆರೆದು ತೋರಿಸುತ್ತಾನೆ. ನಡುವೆ ಕುಳಿತ ದಲ್ಲಾಳಿಗೆ ಮಾತ್ರ ಯಾವ ಗಾಡಿಯೂ ತನ್ನದಲ್ಲ. ಜಾನ್ ಲಿಸ್ಟ್ 2003ರಲ್ಲಿ ಆಟಗಾರರ ಚಿತ್ರಗಳನ್ನು ಕೊಂಡು ಮಾರುವವರ ಸಂತೆಯಲ್ಲಿ ಕಂಡದ್ದೂ ಇದನ್ನೇ. ವ್ಯಾಪಾರದಲ್ಲಿ ಪಳಗಿದವರಲ್ಲಿ ಈ ಒಡೆತನದ ಮೋಹ ಬಹುಮಟ್ಟಿಗೆ ಇಲ್ಲವಾಗುತ್ತದೆ.

ನೆನಪಿನ ಪಾಲು ಇದಕ್ಕಿಂತ ಗಟ್ಟಿ. ನಡುವಯಸ್ಸು ದಾಟಿದವರನ್ನು ಬಾಳಿನ ನೆನಪುಗಳನ್ನು ಹೇಳಿ ಎಂದರೆ, ಸುಮಾರು 10ರಿಂದ 30ರ ವಯಸ್ಸಿನ ನೆನಪುಗಳು ತಮ್ಮ ಪಾಲಿಗಿಂತ ಹೆಚ್ಚಾಗಿ ಬರುತ್ತವೆ. ಮೊದಲ ಸಲ ನಡೆದ ಸಂಗತಿಗಳು ಆ ವಯಸ್ಸಿನಲ್ಲೇ ಹೆಚ್ಚು. ಹೀಗಾಗಿ ಪ್ರತಿ ತಲೆಮಾರಿಗೂ ತನ್ನ ಹರೆಯದ ಗಾಡಿಯೇ ಗಾಡಿ. ಒಬ್ಬರಿಗೆ ಸ್ಟೇರಿಂಗಿನ ಪಕ್ಕದಲ್ಲಿ ಗೇರಿದ್ದ ಅಂಬಾಸಿಡರು, ಅವರ ಮಕ್ಕಳಿಗೆ 796 ಸಿಸಿಯ ಮಾರುತಿ, ಮೊಮ್ಮಕ್ಕಳಿಗೆ ಸ್ಕಾರ್ಪಿಯೊ. ಭಾವನೆ ಉಕ್ಕಿದ ಗಳಿಗೆಗಳಲ್ಲಿ ಹರಿಯುವ ಅಡ್ರಿನಲಿನ್ನಿನಂಥ ಹಾರ್ಮೋನುಗಳು ಅಮಿಗ್ಡಲಾದ ಮೂಲಕ ಆ ಗಳಿಗೆಯ ನೆನಪನ್ನು ಗಟ್ಟಿ ಮಾಡುತ್ತವೆ. ಬೇನೆ ತಿನ್ನುತ್ತಿದ್ದ ಸೊಸೆಯನ್ನು ನಡುರಾತ್ರಿ ರಾಯಚೂರಿಗೋ ಬಳ್ಳಾರಿಗೋ ಮುಟ್ಟಿಸಿದ ಜೀಪು, ಬೀಗರನ್ನು ತುಂಬಿಕೊಂಡು ಬಂದ ಕ್ರೂಸರು ಆ ನೆನಪಿನ ಚೌಕಟ್ಟಿನೊಳಗೇ ಇರುತ್ತವೆ. ಮಾರುಕಟ್ಟೆ ಸಂಶೋಧಕ ರಸೆಲ್ ಬೆಲ್ಕ್ 1988ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಮನುಷ್ಯ ತನ್ನ ಸ್ವತ್ತುಗಳನ್ನು ‘ನಾನು’ ಎಂಬುದರ ಭಾಗವಾಗಿ ಎಣಿಸುತ್ತಾನೆ, ಅವು ಹೋದರೆ ತಾನೇ ಕಡಿಮೆಯಾದಂತೆ ಅನುಭವಿಸುತ್ತಾನೆ ಎಂದು ವಾದಿಸಿದ್ದರು.

ಮೋಹದ ಖರ್ಚು

ಅಕ್ಕರೆಗೆ ಬೆಲೆ ತೆರಬೇಕಾಗುವುದು ಸುರಕ್ಷತೆಯಲ್ಲಿ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2014ರಲ್ಲಿ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗುದ್ದಿಸಿ ನೋಡಿದಾಗ, ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ತಾರೆ ಬಂತು. ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಲ್ಲಿ. ಅದಕ್ಕಿಂತ ಹಳೆಯ, ಮೆಚ್ಚಿನ ಗಾಡಿಗಳ ಬಹುಪಾಲಿನಲ್ಲಿ ಅಪಘಾತವಾದರೆ ಎದೆಗೆ ಎದುರಾಗುವುದು ಸ್ಟೇರಿಂಗಿನ ಚಕ್ರವೇ. ‘ನನ್ನ ಗಾಡಿ ನನಗ ಗೊತ್ತು’ ಎಂಬ ನೆಚ್ಚಿಕೆ ಬ್ರೇಕಿನ ಸವೆತವನ್ನೂ ನುಣುಪಾದ ಟೈರನ್ನೂ ಗಾಡಿಯ ಸ್ವಭಾವವೆಂದು ಒಪ್ಪಿಕೊಳ್ಳುವಂತೆ ಮಾಡುತ್ತದೆ. ಗದ್ದೆ ಕೆಸರು ಮಾಡಲು ಹಾಕಿದ ಕಬ್ಬಿಣದ ಕೇಜ್‌ವೀಲನ್ನು ಬಿಚ್ಚದೆ ಡಾಂಬರು ರಸ್ತೆಗೆ ಇಳಿಸುವುದು, ಹತ್ತಿ ಬಿಡಿಸಲು ಹೋಗುವ ಆಳುಗಳನ್ನು ಟ್ರಾಲಿಯ ತುಂಬ ನಿಲ್ಲಿಸಿಕೊಂಡು ಹೋಗುವುದು ಪ್ರೀತಿಯ ಲೆಕ್ಕಕ್ಕೆ ಸೇರದಿದ್ದರೂ, ಗಾಡಿ ಹೇಳಿದಂತೆ ಕೇಳುತ್ತದೆ ಎಂಬ ಅದೇ ಭ್ರಮೆ ಅಲ್ಲಿಯೂ ಕೆಲಸ ಮಾಡುತ್ತದೆ. ಖಾಸಗಿ ಕಾರುಗಳ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅದನ್ನು ಮುಂದುವರಿಸುವ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಬಹಳವಾಗಿ ಏರಿಸಲಾಗಿದೆ. ಶುಲ್ಕ ಕಟ್ಟಿ ಗಾಡಿ ಉಳಿಸಿಕೊಳ್ಳುವವರ ಲೆಕ್ಕಾಚಾರದಲ್ಲಿ ಆರ್ಥಿಕತೆ ಕಡಿಮೆ, ಮೇಲೆ ಹೇಳಿದ ಸಂಗತಿಗಳೇ ಹೆಚ್ಚು.

ಹೊಸ ತಲೆಮಾರಿನ ಗಾಡಿಗಳು ನಂಟಿನ ಮೂಲಗಳನ್ನು ಬದಲಿಸುತ್ತಿವೆ. ಇಂಜಿನ್ನನ್ನು ಆಳುವುದು ಮೊಹರಾದ ಕಂಪ್ಯೂಟರ್ ಡಬ್ಬಿ. ತಪ್ಪು ಹುಡುಕಲು ಪಾನಾ ಸಾಲದು, ಸ್ಕ್ಯಾನರ್ ಬೇಕು. ಬ್ಯಾಟರಿಯ ಕಾರಿನಲ್ಲಿ ಕ್ಲಚ್ಚಿಲ್ಲ, ಸಿಡಿತದ ಸ್ವರವಿಲ್ಲ, ಡೀಸೆಲ್ಲಿನ ವಾಸನೆಯಿಲ್ಲ. ತೀರ ಸದ್ದಿಲ್ಲದ ಗಾಡಿ ನಡೆದು ಹೋಗುವವರಿಗೆ ಅಪಾಯವೆಂದು ಐರೋಪ್ಯ ಒಕ್ಕೂಟ 2019ರ ಜುಲೈನಿಂದ ಹೊಸ ಮಾದರಿಯ ವಿದ್ಯುತ್ ಕಾರುಗಳು ಗಂಟೆಗೆ 20 ಕಿ.ಮೀ. ವೇಗದವರೆಗೆ ಕೃತಕ ಸದ್ದು ಹೊರಡಿಸಬೇಕೆಂದು ವಿಧಿಸಿತು. ಆ ಸದ್ದನ್ನು ಕಂಪನಿಗಳು ಸಂಗೀತಗಾರರಿಂದ ಹೊಂದಿಸಿಕೊಳ್ಳುವುದೂ ಉಂಟು. ಆದರೆ ಒಂದೇ ಮಾದರಿಯ ಎಲ್ಲ ಕಾರುಗಳಿಗೂ ಅದು ಒಂದೇ ಸದ್ದು, ಸವೆದು ಬೇರೆಯಾಗುವಂಥದಲ್ಲ. ಗಾಳಿ ಎಳೆಯುವ ಜಾಲರಿಯ ಅಗತ್ಯ ಬಹುಮಟ್ಟಿಗೆ ಇಲ್ಲದಿದ್ದರೂ ವಿನ್ಯಾಸಕರು ಅದರ ಜಾಗದಲ್ಲಿ ಒಂದು ಬಾಯಿಯ ಗುರುತನ್ನು ಉಳಿಸುತ್ತಿದ್ದಾರೆ. ಮುಖ, ಒಡೆತನ, ಹರೆಯದ ನೆನಪು, ಹಬ್ಬದ ಪೂಜೆ ಬ್ಯಾಟರಿ ಗಾಡಿಗೂ ಸಲ್ಲುತ್ತವೆ. ರಿಪೇರಿಯ ನಂಟು ಅದಕ್ಕೆ ಸಿಗಬೇಕಾದರೆ ಮಾಲಕನೋ ಊರಿನ ಮೆಕ್ಯಾನಿಕ್ಕೋ ಬಿಚ್ಚಿ ನೋಡಬಲ್ಲಂತೆ ಅದನ್ನು ಮಾಡಿರಬೇಕು, ಬಿಡಿಭಾಗಗಳು ಸಿಂಧನೂರಿನ ಅಂಗಡಿಯಲ್ಲೂ ಸಿಗುವಂತಿರಬೇಕು.